ಅದರವರು

ಫೋನಿನಲ್ಲಿ ಯಾರೂ ಹೆಸರು ಹೇಳಿ ಕೇಳುವುದಿಲ್ಲ.
'ನೀವು... ಅದರವರಾ?'
'ಹೌದು, ಅದರವರೇ' ಅನ್ನುತ್ತೇನೆ.
ಗುಂಡಿ ಅನ್ನೋ ಮಾತು ಇಬ್ಬರ ಬಾಯಲ್ಲೂ ಬರದೆ
ರೇಟು ಕುದುರುತ್ತದೆ.

ಒಂದು ಟ್ಯಾಂಕರು, ಎರಡು ಪೈಪು, ಕಾಳಿಂಗ, ನಾನು.
ಗುತ್ತಲು ರಸ್ತೆಯಲ್ಲಿ ಗಾಡಿ ನಿಲ್ಲಿಸೋಕೆ ಜಾಗ ಕೇಳಿದರೆ
ಮೂರು ಕಡೆ ಇಲ್ಲ ಅಂದರು. ನಾಲ್ಕನೆಯವ
ಡಬಲ್ ಅಂದ. ಕೊಟ್ಟೆ.

ಸಕ್ಕರೆ ಕಾರ್ಖಾನೆ ಕಬ್ಬು ಅರೆಯೋ ದಿನಗಳಲ್ಲಿ
ಕಾಕಂಬಿ ನಾತ ಊರ ತುಂಬ ಮಲಗಿರುತ್ತದೆ,
ಯಾರೂ ಮೂಗು ಮುಚ್ಚೋದಿಲ್ಲ.
ಮಂಡ್ಯ ಬಂತು ಅಂತ ರೈಲಿನಲ್ಲಿ ನಿದ್ದೆಗಣ್ಣಲ್ಲೇ ಎದ್ದು
ಚೀಲ ಇಳಿಸಿಕೊಳ್ಳುತ್ತಾರೆ.
ನನ್ನ ಗಾಡಿ ನೂರಡಿ ರಸ್ತೆಗೆ ತಿರುಗಿದರೆ ಮಾತ್ರ
ಕರ್ಚೀಫು.

'ಮಾವ, ಆನ್‌ಲೈನಿಗೆ ಬರಬೇಕು ನೀನು'
ಅಂದಳು ಅಕ್ಕನ ಮಗಳು ನಿಸರ್ಗ, ಬಿ.ಕಾಂ ಎರಡನೇ ವರ್ಷ.
ಪೋಸ್ಟರು ಮಾಡಿದಳು: ನೀಲಿ ಆಕಾಶ, ಒಂದು ತಾವರೆ,
ಬಿಳಿ ಪಂಚೆಯ ಅಜ್ಜ, ನಗೋ ಮಗು.
'ಗಾಡಿ ಎಲ್ಲಿ?'
'ಗಾಡಿ ಹಾಕಿದ್ರೆ ಬೆರಳು ನಿಲ್ಲಲ್ಲ ಮಾವ, ಮೇಲಕ್ಕೆ ತಳ್ತಾರೆ.'
'ಮತ್ತೆ ಇದೇನು, ಇನ್ಶೂರೆನ್ಸಾ?'
ಇಬ್ಬರೂ ನಕ್ಕೆವು. ತಾವರೆ ಇರಲಿ ಅಂದೆ,
ಅದಕ್ಕಾದರೂ ಕೆಸರು ಗೊತ್ತು.

ನಾನೂರ ಹನ್ನೆರಡು ಜನ ನೋಡಿದರು.
ಒಬ್ಬ ಮೆಚ್ಚಿದ, ನಮ್ಮ ಕಾಳಿಂಗ.
ಮ್ಯಾಪಿನಲ್ಲಿ ಗುರುತು ಹಾಕಿದರೆ ಪಕ್ಕದ ಕಲ್ಯಾಣ ಮಂಟಪದವರು
'ಶಾಶ್ವತವಾಗಿ ಮುಚ್ಚಿದೆ' ಅಂತ ಬರೆಸಿದರು.
ಎರಡು ಸಲ ತೆರೆಸಿದೆವು, ಎರಡು ಸಲ ಮುಚ್ಚಿಸಿದರು.
ಅವರ ಗುಂಡಿ ತೆಗೆಯೋದೂ ನಾನೇ.
ಆಷಾಢದಲ್ಲಿ. ರಾತ್ರಿ ಒಂದರ ಮೇಲೆ.

ಆಮೇಲೊಂದು ದಿನ ನಿಸರ್ಗ ಪಟ್ಟಿ ತೋರಿಸಿದಳು,
ಜನ ಏನೇನು ಬರೆದು ಹುಡುಕ್ತಾರೆ ಅಂತ.
ನಮ್ಮ ಹೆಸರಿಲ್ಲ, ಕಸುಬಿನ ಹೆಸರೂ ಇಲ್ಲ.
ನಡುರಾತ್ರಿಯೇ ಇರಬೇಕು, ಯಾರೋ:
ನಾಳೆ ಬೀಗರು ಬತ್ತಾರೆ ನೀರು ಇಳೀತಿಲ್ಲ
ಇನ್ಯಾರೋ: ಬಾಣಂತಿ ಅವ್ಳೆ ವಾಸನೆ ಏನ್ ಮಾಡೋದು
ಅಪ್ಪನ ತಿಥಿ ಬಚ್ಚಲು ಉಕ್ತಾ ಐತೆ ಮಂಡ್ಯ
ಓದುತ್ತಾ ಓದುತ್ತಾ
ದೇವರ ಹುಂಡಿಯ ಚೀಟಿ ಕದ್ದು ಓದಿದ ಹಾಗಾಯಿತು.
ಆಕಾಶ ತೆಗೆಸಿದೆ. ದಪ್ಪಕ್ಷರದಲ್ಲಿ ಅಷ್ಟೇ:
ನಾಳೆ ಬೀಗರು ಬತ್ತಾರಾ? ಇವತ್ತೇ ಫೋನ್ ಮಾಡಿ.

ಮಾಡಿದರು. ಎಲ್ಲರದೂ ಒಂದೇ ಮಾತು:
ಕತ್ತಲಾದ ಮೇಲೆ ಬನ್ನಿ, ಹಾರನ್ ಬೇಡ,
ಗಾಡಿ ಮೇಲಿನ ಹೆಸರಿಗೆ ಒಂದು ಗೋಣಿ ಹಾಕ್ಕಳಿ.
ಹೆಸರು ಕೂಗಿಸೋಕೆ ತಿಂಗಳಿಗೆ ಸಾವಿರದೈನೂರು ಕಟ್ತೀನಿ.
ಗೋಣಿ ಇಪ್ಪತ್ತು ರೂಪಾಯಿ.

ಕೆಲಸ ಮುಗಿದ ಮೇಲೆ 'ಎರಡು ಮಾತು ಬರೀರಿ ಸಾರ್' ಅಂದರೆ
'ಖಂಡಿತ' ಅಂತಾರೆ. ಯಾರು ಬರೀತಾರೆ,
ತಮ್ಮ ಹೆಸರು, ತಮ್ಮ ಫೋಟೊ ಸಮೇತ,
ನಿಶ್ಚಿತಾರ್ಥದ ದಿನ ನಮ್ಮನೇದು ತುಂಬಿತ್ತು ಅಂತ?
ಬರೆಯೋರು ಬೀದಿಯವರು: ಒಂದು ನಕ್ಷತ್ರ. ನಾತ.

ವಿದ್ಯಾನಗರದ ಸುಂದರಮ್ಮಣ್ಣಿ ಟೀಚರು
ಹಗಲು ಹನ್ನೊಂದಕ್ಕೆ ಬನ್ನಿ ಅಂದರು. ಗೇಟು ಪೂರ್ತಿ ತೆಗೆದು
ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತರು.
ಮುಗಿದ ಮೇಲೆ ಕೈ ತೊಳೆದು
ಕಾಳಿಂಗ ಬೊಗಸೆ ಒಡ್ಡಿದ. ಅಭ್ಯಾಸ.
'ಕೈ ಇಳಿಸೋ' ಅಂದರು, ಕ್ಲಾಸಿನ ದನಿಯಲ್ಲಿ,
ತಾವು ಕುಡಿಯೋ ಲೋಟದಲ್ಲೇ ಮಜ್ಜಿಗೆ ಕೊಟ್ಟರು.

ಸಂಜೆ ಫೋನು ಕಿಣಿ ಅಂತು:
'ಹೇಳಿದ ಹೊತ್ತಿಗೆ ಬಂದರು. ಹೇಳಿದಷ್ಟೇ ತಗೊಂಡರು.
ದಾಸವಾಳದ ಗಿಡಕ್ಕೆ ಪೈಪು ತಾಗಿಸಲಿಲ್ಲ.'
ಮೂರು ನಕ್ಷತ್ರ.

ನಿಸರ್ಗ ಕುಣಿದಳು, ಆಮೇಲೆ ಮುಖ ಸಣ್ಣಗೆ ಮಾಡಿ
'ಇನ್ನೆರಡು ಕೇಳು ಮಾವ' ಅಂದಳು. ಕೇಳಿದೆ.

'ಮೂವತ್ತೆರಡು ವರ್ಷ ಗಣಿತ ಹೇಳಿದೀನಿ ಕಣಪ್ಪ,
ಮೊದಲನೇ ಟೆಸ್ಟಿಗೆ ಯಾರಿಗೂ ಪೂರ್ತಿ ಕೊಟ್ಟಿಲ್ಲ.
ಮತ್ತೆ ತುಂಬ್ತದಲ್ಲ,
ಆಗ ಬಾ, ನೋಡೋಣ.'