ಇನ್ನೂರ ಅರವತ್ತೆಂಟು

ಮೂರನೇ ಸಲ ಅದೇ ಫ್ಯಾನು ತಂದಿಟ್ಟಳು ಶೇವಂತಿ,
ಒಣಮೀನಿನ ಬುಟ್ಟಿಯಲ್ಲೇ, ಗೋಣಿ ಸುತ್ತಿ.
‘ಇನಾಸಬಾಬಾ, ನಿನ್ನ ತಂತಿ ಖೋಟಾ.’

ಮುಚ್ಚಳ ಬಿಚ್ಚಿದೆ.
ಪಾಕ ಸೀದ ಬೆಲ್ಲದ ಹಾಗೆ ವಾರ್ನಿಶ್ಶು.
ಒಂದೇ ಸುರುಳಿ ಸುಟ್ಟಿದ್ದರೆ ತಪ್ಪು ನನ್ನ ಕೈಯದು.
ಎಲ್ಲವೂ ಒಂದೇ ಸಮ ಕರಿ ಹಿಡಿದಿದ್ದರೆ
ತಪ್ಪು ಕಂಬದಿಂದ ಇಳಿದು ಬಂದದ್ದು.
ಇದು ನನಗೆ ಮೊದಲೇ ಗೊತ್ತಿತ್ತು.
ಅದನ್ನು ಆಮೇಲೆ ಹೇಳುತ್ತೇನೆ.

ಜೂನ್ ಒಂದಕ್ಕೆ ಬೈತಖೋಲದ ಬೋಟುಗಳು ಹಗ್ಗ ಕಟ್ಟಿಕೊಂಡು ನಿಂತವು,
ಐಸ್ ಪ್ಲಾಂಟು ಮೂರೂ ಬಾಗಿಲು ಹಾಕಿದವು.
ಹೇರು ಇಳಿದದ್ದು ತಿಳಿಯದ ಹಮಾಲಿ
ಅದೇ ಬಲದಿಂದ ಖಾಲಿ ಬುಟ್ಟಿ ಎತ್ತಿದರೆ
ಅದು ತಲೆ ದಾಟಿ ಹಾರುತ್ತದಲ್ಲ,
ಹಾಗೆ ಹಾರಿತು ವೋಲ್ಟೇಜು
ಟ್ರಾನ್ಸ್‌ಫಾರ್ಮರಿನ ಬುಡದ ನಾಲ್ಕು ಮನೆಗೆ.

ಕಡಿಮೆ ಬಂದರೆ ಜನ ಸೆಕ್ಷನ್ ಆಫೀಸಿಗೆ ಹೋಗಿ ಬಯ್ಯುತ್ತಾರೆ.
ಹೆಚ್ಚು ಬಂದರೆ ಯಾರು ದೂರುತ್ತಾರೆ?
ಬಲ್ಬು ಬೆಳ್ಳಗೆ, ಕಾಯಿಲಿಗೆ ನೀರು ಬೇಗ ಬಿಸಿ,
ಕಾಯಿ ಮೆಣಸು ಮಿಕ್ಸರಿನಲ್ಲಿ ಮೂರೇ ಸುತ್ತಿಗೆ ನುಣ್ಣಗೆ.
‘ಈ ಮಳೆಗಾಲ ಕರೆಂಟು ಚಲೋ ಉಂಟು’
ಎಂದವಳು ಶೇವಂತಿಯೇ.

ಫ್ರಿಜ್ಜಿಗೆ ಗೊತ್ತಿತ್ತು.
ಕಬ್ಬಿಣಕ್ಕೂ ಒಂದು ಹೊಟ್ಟೆ;
ತುಂಬಿದ ಮೇಲೆ ಬಡಿಸಿದ್ದು ಬಲವಾಗುವುದಿಲ್ಲ,
ಜ್ವರವಾಗುತ್ತದೆ.
ರಾತ್ರಿಯಿಡೀ ಗೋಡೆಗೆ ಬೆನ್ನು ಕೊಟ್ಟು ನರಳುತ್ತಿತ್ತು ಅದು.
ಫ್ಯಾನಿನ ಕೆಪಾಸಿಟರು ಕಪ್ಪೆಯ ಗಂಟಲಿನಂತೆ ಉಬ್ಬಿತ್ತು.
ಪುರ್ಸುವಿನ ಫೋಟೋದೆದುರು ವರ್ಷಗಟ್ಟಲೆ ಉರಿದ
ಕೆಂಪು ಜೀರೋ ಬಲ್ಬು
ಈ ಎರಡು ತಿಂಗಳಲ್ಲಿ ನಾಲ್ಕು ಸಲ ಹೋಯಿತು.
ಅವಳು ಅದನ್ನು ಬೇರೆ ಲೆಕ್ಕಕ್ಕೆ ಹಾಕಿದ್ದಳು:
ಒಂದೊಂದು ಸಲಕ್ಕೂ ಒಂದೊಂದು ಕಾಯಿ ಒಡೆಸಿ ಬಂದಿದ್ದಳು,
ಗಂಡನಿಗೆ ಏನು ಸಿಟ್ಟೋ ಎಂದು.

ರಾತ್ರಿ ಹನ್ನೊಂದಕ್ಕೆ ಮೀಟರು ಹಿಡಿದು ಹೋದೆ.
ಎರಡು ಕಡ್ಡಿ ಪ್ಲಗ್ಗಿನ ಕಣ್ಣಿಗಿಟ್ಟೆ.
ಇನ್ನೂರ ಅರವತ್ತೆಂಟು.
‘ಎಷ್ಟಿರಬೇಕು?’
‘ಮೂವತ್ತು. ನಲವತ್ತಾದರೂ ಅಡ್ಡಿಯಿಲ್ಲ.’
‘ಹಾಗಾದರೆ ಹೆಚ್ಚಿನದ್ದು ಪುಕ್ಕಟೆಯಾ?’
‘ಇಲ್ಲ ಬಾಯಿ. ಅದಕ್ಕೂ ಬಿಲ್ಲು ನೀನೇ ಕಟ್ಟಿದ್ದೀ.’

ಈಗ ಹೇಳುತ್ತೇನೆ.
ಜೂನ್ ಮುಗಿಯುವ ಮೊದಲೇ ಆ ಓಣಿಯಿಂದ
ಎರಡು ಪಂಪು, ಒಂದು ಗ್ರೈಂಡರು ಬಂದಿದ್ದವು,
ಎಲ್ಲದರ ಒಳಗೂ ಇದೇ ಕರಿ.
ಆಗಲೇ ಒಂದು ಅರ್ಜಿ ಬರೆಯಬಹುದಿತ್ತು.
ಬಂದರು ಖಾಲಿ, ಬೋಟಿನ ಡೈನಮೋ ಒಂದೂ ಬರುವುದಿಲ್ಲ.
ಆ ಓಣಿಯ ಹೊಗೆಯಲ್ಲಿ ನನ್ನ ಮನೆಯ ಗಂಜಿ ಬೆಂದಿತು.
ಸುತ್ತಿದೆ, ಮತ್ತೆ ಸುತ್ತಿದೆ,
ಸುಟ್ಟ ತಾಮ್ರ ಕಿಲೋ ಲೆಕ್ಕಕ್ಕೆ ಮಾರಿದೆ.

ಅರ್ಜಿ ಕೊಟ್ಟ ಒಂಬತ್ತನೇ ದಿನ
ಲೈನ್‌ಮನ್ ಹಮ್ಮಣ್ಣ ಬಂದ.
ಲೈನು ಬಂದ್ ಮಾಡಿ, ಅರ್ಥ್ ಕೊಟ್ಟು,
ಟ್ಯಾಪಿನ ಹಿಡಿ ಮೂರು ಹಲ್ಲು ತಿರುವಿದ.
ಬೀಡಿ ಸೇದುವಷ್ಟು ಹೊತ್ತಿನ ಕೆಲಸ.
ಇನ್ನೂರ ನಲವತ್ತೊಂಬತ್ತು.
‘ಇದಕ್ಕಿಂತ ಇಳಿಸಿದರೆ
ಆಗಸ್ಟಿನಲ್ಲಿ ಐಸಿನವರು ನನ್ನನ್ನೇ ಕಂಬಕ್ಕೆ ಕಟ್ಟುತ್ತಾರೆ’
ಎಂದು ಕೈಚೀಲ ಹೆಗಲಿಗೇರಿಸಿದ.

ಫ್ಯಾನು ಕಟ್ಟಿಕೊಟ್ಟೆ, ದುಡ್ಡು ತೆಗೆದುಕೊಳ್ಳಲಿಲ್ಲ.
ಯಾಕೆಂದು ಅವಳು ಕೇಳಲಿಲ್ಲ, ನಾನು ಹೇಳಲೂ ಇಲ್ಲ.

ಆದಿತ್ಯವಾರ, ಇಗರ್ಜಿಯಿಂದ ಬರುವಾಗ
ದಾರಿಗಡ್ಡ ನಿಂತಿದ್ದಳು.
‘ಏನು ಮಾಡಿಸಿದಿ ಮಾರಾಯಾ?
ಬೆಳಕೇ ಕಮ್ಮಿ, ಗಾಳಿಯೇ ಇಲ್ಲ,
ಪುರ್ಸುವಿನ ಮೂತಿಯೂ ಮಸುಕು.’
‘ಬಲ್ಬು?’
‘ಬಲ್ಬಾ... ಉರೀತಾ ಉಂಟು.’
ಎಂದವಳು ಒಂದು ಗಳಿಗೆ ಸುಮ್ಮನಾದಳು,
ಬುಟ್ಟಿಯನ್ನು ಬಲದ ಸೊಂಟದಿಂದ ಎಡಕ್ಕೆ ಬದಲಿಸಿದಳು.

ಅಂಗಡಿ ತೆರೆದೆ. ರಿಪೇರಿಗೆ ಏನೂ ಇರಲಿಲ್ಲ.
ಸ್ಟೂಲು ಹತ್ತಿ
ತಲೆಯ ಮೇಲಿನ ನನ್ನದೇ ಫ್ಯಾನು ಇಳಿಸಿ
ಮುಚ್ಚಳ ಬಿಚ್ಚಿದೆ.