ಕೆಳಮೈ

ಗಾಡಿ ಮ್ಯಾಲೆತ್ತಿ ನಾಲ್ಕೂ ಕಡೆ ಕುದರಿ ಕೊಟ್ಟು
ಒಮ್ಮೆ ಅಲಗ್ಯಾಡಿಸಿ ನೋಡಿದ್ವಿ.
ಬೆನ್ನ ಕೆಳಗ ಗೋಣಿಚೀಲ, ಮೂಗಿಗೆ ಒದ್ದಿ ಅರಬಿ,
ನಾ ಒಳಗ ಸರದೆ.

ಉದ್ಯಮಬಾಗದಾಗ ಜುಲೈ ತಿಂಗಳು.
ಪತ್ರಾಸಿನ ಮ್ಯಾಲೆ ಮಳಿ ಮಾತು ನಿಲ್ಲಿಸೂದಿಲ್ಲ,
ಬಾಜೂಕಿನ ಫೌಂಡ್ರಿಯವರು ಕೂಗಿದ್ರೂ ಕೇಳಸೂದಿಲ್ಲ.

ಅರವತ್ನಾಲ್ಕರ ಹೆರಾಲ್ಡ್.
ಮ್ಯಾಲೆ ಹಾಲಕೆನಿ ಬಣ್ಣ, ಮದಲಗಿತ್ತಿ ಹಂಗ ನಾಚಿಕಿ.
ಕೆಳಗ ಬೆರಳ ದಪ್ಪ ಡಾಂಬರು,
ಆರಿದ ಬೆಲ್ಲದ ಪಾಕದಂಗ ಗಟ್ಟಿ.

ಒಂದು ಕೈಯಾಗ ಬಿಸಿಗಾಳಿ ಗನ್ನು, ಇನ್ನೊಂದರಾಗ ಪಟ್ಟಿ.
ಭಾಳ ಕಾಸಿದ್ರ ಹೊಗಿ, ಕಣ್ಣು ಕಾಣಂಗಿಲ್ಲ.
ಕಡಿಮಿ ಕಾಸಿದ್ರ ಹಲ್ಲಿಗೆ ಹತ್ತಿದ ಚಿಕ್ಕಿ.
ಮೆತ್ತಗಾಗೂ ಹೊತ್ತೊಂದೈತಿ,
ರೊಟ್ಟಿ ಉಬ್ಬೂಕಿಂತ ಒಂದುಸಿರು ಮುಂಚೆ.
ಆವಾಗ ತಳ್ಳಬೇಕು.
ಸುರಳಿ ಸುರಳಿಯಾಗಿ ಎದಿ ಮ್ಯಾಲೆ ಬೀಳತೈತಿ,
ಅದರ ಹಿಂದ ಕಾರಖಾನಿಯ ಬೂದಿ ಬಣ್ಣ
ಮೊನ್ನೆ ಬಳದಂಗ.

ತಗಡು ತಟ್ಟಕೋತ ಹೋದೆ.
ಟಣ್. ಟಣ್. ಟಣ್.
ಎಡಗಡೆ ಹಿಂದಿನ ಗಾಲಿ ಹತ್ರ
ಧಪ್.

ಪಟ್ಟಿ ತಾನ ಒಳಗ ಹೋತು. ಕೆಂಪ ನೀರು ಇಳೀತು
ಮಾರಿ ಮ್ಯಾಲೆ, ಯಾವ ವರ್ಷದ ಮಳಿದೋ.
ನೀರಿನ ಹಿಂದ ತುಕ್ಕು, ಚಹಾಪುಡಿ ಹಂಗ.
ತುಕ್ಕಿನ ಹಿಂದ ಎಣ್ಣಿ ಡಬ್ಬಿಯ ತಗಡೊಂದು,
ಅರ್ಧ ತೆಂಗಿನಗಿಡದ ಚಿತ್ರ ಇನ್ನೂ ಹಸರ.

ಆ ಸೊಟ್ಟ ಮೂಲಿ ನನಗ ಗೊತ್ತು.
ಕತ್ತರಿ ಜಾರಿತ್ತು. ಹೆಬ್ಬೆರಳಿನ ಗಾಯ ಇನ್ನೂ ಐತಿ.

ಹದಿಮೂರು ಆಗ ನನಗ. ಪಾಂಡೋಬಾ ಮೇಸ್ತ್ರಿಯ ಶೆಡ್ಡು.
“ವಕೀಲರು ನಸಿಕಿನ್ಯಾಗ ವೆಂಗುರ್ಲಾಕ್ಕ ಹೊಂಟಾರ,
ಬೆಸಿಗಿ ಹಾಕಾಕ ಹೊತ್ತಿಲ್ಲ.
ತಗಡು ಬಡಿ ಮೀರ್ಯಾ, ಮ್ಯಾಲೆ ಬಳಿ.
ಯಾವ ಮಗಾ ಬಗ್ಗಿ ನೋಡ್ತಾನ?”
ಕುಂಚಾ ಗಟ್ಟಿಯಾಗಿತ್ತು. ಕೈಲೆ ಬಳದೆ.

ನಾನ ಬಗ್ಗಿ ನೋಡಾಕತ್ತೇನಿ ಈಗ.
ಸುಲಿದ ಡಾಂಬರಿನ ತುಂಡಿನಾಗ
ನಾಲ್ಕು ಸಣ್ಣ ಬೆರಳಿನ ಗೆರಿ.

ಹೊರಗ ಒಂದು ಜೋಡಿ ಚಪ್ಪಲಿ ಬಂದು ನಿಂತವು.
“ಯಾಕ ಸುಮ್ಮನಾದ್ರಿ ಮೀರಾಸಾಬ?”
ವಕೀಲರ ಮಗಳು, ಸುಲೋಚನಾ ಹಂಜಿ ಡಾಕ್ಟರು.
“ಬಾಯಾರ, ಇದು ನನ್ನ ಕೆಲಸ,” ಅಂದೆ.
“ಹೌದಲ್ಲ, ನಿಮ್ಮದ ಕೆಲಸ. ಸಾವಕಾಶ ಮಾಡ್ರಿ,” ಅಂದ್ರು.
ಮಳಿ ಜೋರಾತು.
ಎರಡನೇ ಸಲ ಹೇಳಾಕ
ಗಾಡಿ ಕೆಳಗಿಂದ ಪೂರಾ ಹೊರಗ ಬರಬೇಕಾತು.

ಅವರು ತಗಡು ತಿರುವಿ ತಿರುವಿ ನೋಡಿದ್ರು.
“ನಲವತ್ತು ವರ್ಷ ತಡದೈತಿ ಬಿಡ್ರಿ.”
“ತಡದಿಲ್ಲ ಬಾಯಾರ,” ಅಂದೆ. “ಮುಚ್ಚಿತ್ತು.”

ಅವರು ನಗಲಿಲ್ಲ. ಬೈಯಲೂ ಇಲ್ಲ.
ಗಡಿಯಾರ ನೋಡಿ ದವಾಖಾನಿಗೆ ಹ್ವಾದ್ರು.

ಕೊಳೆತದ್ದು ಕೊರದೆ, ಬೆಳ್ಳನ ಕಬ್ಬಿಣ ಸಿಗೂತನಕ.
ಹೊಸಾ ತಗಡು, ಸುತ್ತೂ ಬೆಸಿಗಿ,
ಜಿಂಕ್ ಪ್ರೈಮರ್ ಎರಡು ಕೈ.
ಎರಡು ದಿನಾ ಒಣಗಾಕ ಬಿಟ್ಟೆ, ಮೂರನೇ ದಿನಾನೂ
ಮುಟ್ಟಿ ನೋಡಿ ಬಿಟ್ಟೆ.
ಆಮ್ಯಾಲೆ ಮೇಣದ ಲೇಪ, ತೆಳುವ, ಜೇನಿನ ಬಣ್ಣದ್ದು,
ಅದರಾಚೆ ಬೆಸಿಗಿಯ ಗೆರಿ ಕಾಣೂ ಹಂಗ.
“ನೀರು ಇಳಿಯೂ ತೂತಿಗೆ ಬಡಿಬ್ಯಾಡ ಲೇ,”
ಸಾಹಿಲ್‌ಗ ಎಷ್ಟು ಸಲ ಹೇಳಿದೆನೋ.
ಬಿಲ್ಲಿನಾಗ ಆ ಮೂಲಿದು ಬರೀಲಿಲ್ಲ.

ಕಸಾ ಗುಡಿಸೂವಾಗ ಅವಗ ಸಿಕ್ತು ಆ ಡಾಂಬರ ತುಂಡು.
ಬೆಳಕಿಗೆ ಹಿಡದ. ಗೆರಿಯಾಗ ಬೆರಳಿಟ್ಟ,
ಒಂದೊಂದ.
ನಾಲ್ಕೂ ಸರಿಯಾಗಿ ಕೂತವು.

“ಬಿಡದನ್ನ,” ಅಂದೆ.
“ಸೀಮಿಎಣ್ಣಿ ಅಲ್ಲೈತಿ. ಕೈ ತೊಳಕೊ.”