ಹಿಂದಕ್ಕಿರುವ ನೆರಿಗೆ

ಮರಗಸಿಯ ತಿಂಗಳು. ಸಿದ್ದಾಪುರದ ಆಸ್ಪತ್ರೆಗೆ
ಜೀಪಿನ ಹಿಂದಿನ ಸೀಟಿನಲ್ಲಿ ಬಂದ ಬೊಳಕ.
ಮೊಣಕಾಲ ಕೆಳಗೆ ಬಾಯಿಬಿಟ್ಟ ಗಾಯ,
ಸುತ್ತಿದ ಟವಲು, ಟವಲಿನೊಳಗೆ ಕಾಫಿಪುಡಿ.
"ಕತ್ತಿ ಜಾರಿತು" ಅಂದ. ಹತ್ತಿದ್ದು
ಸಿಲ್ವರ್ ಓಕ್ ಅಲ್ಲ, ಹಲಸು. ಅದನ್ನೂ ಹೇಳಿದ,
ಮರದ ಹೆಸರು ತಪ್ಪಾಗಿ ಬರೆದುಕೊಂಡೇವು ಎಂಬಂತೆ.

ಪುಡಿ ತೊಳೆದೆ. ಏಳು ಹೊಲಿಗೆ.
ಒಂದು ತುದಿಗೆ ಹೊಲಿಯಲು ಚರ್ಮವೇ ಇರಲಿಲ್ಲ,
ತೆರೆದೇ ಬಿಟ್ಟೆವು.

ಡಾಕ್ಟರ್ ರಂಸೀನಾ ನೆಲ್ಲಿಹುದಿಕೇರಿಯ ಹುಡುಗಿ,
ಯಾರೂ ಕೇಳದಿದ್ದರೂ ಪಾಠ ಮಾಡುತ್ತಾಳೆ.
ಚೀಟಿಯ ಬೆನ್ನಿಗೆ ಎರಡು ಮಣಿಸರ ಬರೆದಳು,
ಬಾಲದ ಹತ್ತಿರ ಎರಡನ್ನೂ ಬಿಗಿದ ಗಂಧಕದ ಗಂಟು.
"ಇದು ಫೈಬ್ರೊನೆಕ್ಟಿನ್, ಸಿಸ್ಟರ್.
ಯಕೃತ್ತಿನಲ್ಲಿ ಹುಟ್ಟಿ ರಕ್ತದಲ್ಲಿ ಅಲೆಯುತ್ತದೆ
ಮುದುಡಿಕೊಂಡು, ಯಾರ ತಂಟೆಗೂ ಹೋಗದೆ.
ಸರಕ್ಕೆ ಮೂವತ್ತರ ಹತ್ತಿರ ಮಣಿ.
ಈ ಮಣಿಗೆ ಹೆಪ್ಪುಗಟ್ಟಿದ ರಕ್ತದ ಎಳೆ ಬೇಕು,
ಆ ಮಣಿಗೆ ಕೊಲಾಜೆನ್, ಇಗೋ, ಇಲ್ಲಿ
ಮೂರೇ ಅಮೈನೋ ಆಮ್ಲದ ಒಂದು ಕುಣಿಕೆ.
ಜೀವಕೋಶ ಕೈ ಹಾಕುವುದು ಇಲ್ಲಿಗೇ."

"ಆಮೇಲೆ?" ಅಂದೆ, ಗಾಜ್ ಕತ್ತರಿಸುತ್ತ.

"ಎಳೆಯುತ್ತದೆ. ಕೋಶ ತನ್ನೊಳಗಿನ ದಾರಗಳಿಂದ
ಹಗ್ಗಜಗ್ಗಾಟದವರ ಹಾಗೆ ಕಾಲೂರಿ ಎಳೆಯುತ್ತದೆ.
ಆಗ ಬಿಚ್ಚಿಕೊಳ್ಳುತ್ತೆ ಮಡಿಕೆ. ಒಳಗಿದ್ದ ಹಿಡಿಗಳು
ಹೊರಗೆ ಬಂದು ಪಕ್ಕದ ಸರವನ್ನು ಹಿಡಿಯುತ್ತವೆ.
ಎಳೆಯದೆ ಹೋದರೆ ಬಟ್ಟೆಯೇ ಇಲ್ಲ, ಸಿಸ್ಟರ್,
ಬರೀ ನೂಲಿನುಂಡೆ."

ನಗು ಬಂತು ನನಗೆ.
ಇದನ್ನು ನಾನು ಮದುವೆಮನೆಗಳಿಗೆ ಉಟ್ಟು ಹೋಗಿದ್ದೇನೆ.
ನಮ್ಮ ಸೀರೆಯ ನೆರಿಗೆ ಬೆನ್ನ ಹಿಂದೆ,
ಕೂತಾಗ ಯಾರಿಗೂ ಕಾಣದ ಮಡಿಕೆ.
ಕಾವೇರಿ ತಳ್ಳಿದ್ದು ಅನ್ನುತ್ತಿದ್ದಳು ಅಜ್ಜಿ,
ಹರಿವ ನೀರಿಗೆ ಅಡ್ಡ ನಿಂತ ಹೆಂಗಸರ
ಮುಂದಿನ ನೆರಿಗೆ ಹಿಂದಕ್ಕೆ ತಿರುಗಿತಂತೆ.
ಕಥೆಯೋ ಏನೋ. ರಭಸಕ್ಕೆ ಮಡಿಕೆ
ಜಾಗ ಬದಲಿಸುತ್ತದೆ ಎಂಬಷ್ಟು ಮಾತ್ರ
ಇವತ್ತು ಚೀಟಿಯ ಬೆನ್ನಿನ ಮೇಲೂ ಇತ್ತು.

ಆರನೆಯ ದಿನ ಕೀವು.
ರಂಸೀನಾ ಪಾಠ ಮಾಡಲಿಲ್ಲ.
ನಾನೇ ಕೇಳಿದೆ. ತಲೆ ತಗ್ಗಿಸಿಯೇ ಹೇಳಿದಳು:
ಕೀವಿನ ಕ್ರಿಮಿಯೂ ಅದೇ ಸರ ಹಿಡಿದೇ ಒಳಗೆ ಬರುವುದು.
ಹಿಡಿಯಲೆಂದು ಹುಟ್ಟಿದ್ದಕ್ಕೆ
ಯಾರ ಕೈ ಎಂದು ಗೊತ್ತಾಗುವುದಿಲ್ಲ.

ಹದಿನಾಲ್ಕಕ್ಕೆ ಕೀವು ಹೋಯಿತು.
ತೆರೆದುಬಿಟ್ಟ ತುದಿಯಲ್ಲಿ ಕೆಂಪು ಕಾಳುಕಾಳು ಮಾಂಸ,
ಹಣ್ಣಾದ ಕಾಫಿಯ ಬಣ್ಣ. ಕೆಳಗೆ, ಕಣ್ಣಿಗೆ ಕಾಣದಂತೆ,
ಸಾರುವೆ ಕಟ್ಟಿದ ಸರಗಳ ಮೇಲೆ
ಕೊಲಾಜೆನ್ ಹೊತ್ತು ಹತ್ತುತ್ತಿದ್ದವು ಕೋಶಗಳು.
ಗೋಡೆ ಎದ್ದ ಮೇಲೆ ಸಾರುವೆ ಬಿಚ್ಚುತ್ತಾರೆ,
ಅದರ ಹೆಸರು ಯಾವ ಕಲ್ಲಿನ ಮೇಲೂ ಇರುವುದಿಲ್ಲ.

ತೋಟದ ರೈಟರ್ ಬಂದು ಬಾಗಿಲಲ್ಲೇ ನಿಂತು
"ಮಳೆಗೆ ಮೊದಲು ಮರ ಹತ್ತುತ್ತಾನಾ?" ಎಂದ.
ರಂಸೀನಾ ಅವನಿಗಲ್ಲ, ಬೊಳಕನಿಗೆ ಹೇಳಿದಳು:
"ನೋಡು, ಕೂಡಿದ ಚರ್ಮಕ್ಕೆ ಹಳೆಯ ಬಲ
ಪೂರ್ತಿ ಬರಲ್ಲ. ವರ್ಷ ಕಳೆದರೂ
ನೂರಕ್ಕೆ ಎಂಬತ್ತು, ಅಷ್ಟೇ."

ಬೊಳಕ ಕಾಲು ನೋಡಿಕೊಂಡ. ಬೆರಳಲ್ಲಿ ಒತ್ತಿದ.
ಲೆಕ್ಕ ಅವನಿಗೆ ಹೊಸದಲ್ಲ.
"ಉಳಿದ ಇಪ್ಪತ್ತು?" ಅಂದ ರೈಟರ್‌ನತ್ತ ತಿರುಗಿ,
"ಅಡ್ವಾನ್ಸಿಗೆ ಮುರಿದುಕೊಂಡಿರಾ?"

ಯಾರೂ ನಗಲಿಲ್ಲ. ನಾನು ಬ್ಯಾಂಡೇಜಿನ ತುದಿ ಎಳೆದು,
ತುಸು ಬಿಗಿಯಾಗಿಯೇ, ಗಂಟು ಹಾಕಿದೆ.